ಗ್ಲಾಸಪ್ಪನ ಮಗಳು ಆರಿಸಿದ ಗ್ಲಾಸು

ಗ್ಲಾಸಪ್ಪನ ಮುಂದೆ ಗ್ಲಾಸಿನ ಮಾತು ಎತ್ತಬಾರದು. ಎತ್ತಿದಿರೋ, ನಿಮ್ಮ ಅರ್ಧ ದಿನ ಹೋಯಿತೆಂದೇ ತಿಳಿಯಿರಿ. ದೊಡ್ಡ ಹೋಟೆಲಿನ ಬಾರ್ ಕೌಂಟರಿನ ಹಿಂದೆ ತಲೆ ನರೆಯುವ ತನಕ ನಿಂತವನು. ಹೆಸರಿಟ್ಟವರೂ ಆ ಹೋಟೆಲಿನವರೇ. ತಾನು ಒಂದು ತೊಟ್ಟು ಕುಡಿದವನಲ್ಲ. ಆದರೆ ಯಾವ ಕಾಕ್‌ಟೇಲು ಯಾವ ಗ್ಲಾಸಿಗೆ ಎನ್ನುವ ವಿಷಯದಲ್ಲಿ ಅವನಷ್ಟು ತಲೆ ಕೆಡಿಸಿಕೊಂಡವರು, ಮಗಳಿಗೆ ಗಂಡು ಹುಡುಕುವವರಲ್ಲೂ ಸಿಗಲಾರರು.

ಸೋಡಾ ಬೆರೆತದ್ದಕ್ಕೆ ಉದ್ದನೆಯ ಸಪೂರ ಗ್ಲಾಸು, ಗುಳ್ಳೆ ಬೇಗ ಹಾರಿಹೋಗಬಾರದು. ದೊಡ್ಡ ಐಸ್ ತುಂಡು ಹಾಕಿ ಕೊಡುವುದಕ್ಕೆ ಕುಳ್ಳನೆಯ, ತಳ ದಪ್ಪಗಿರುವ ಗ್ಲಾಸು. ಐಸಿನಲ್ಲಿ ಕುಲುಕಿ, ಸೋಸಿ, ಬರೀ ತಣ್ಣಗಿನದನ್ನಷ್ಟೇ ಕೊಡುವುದಾದರೆ ಕಾಲಿರುವ ಅಗಲ ಬಾಯಿಯ ಗ್ಲಾಸು. ಹಿಡಿಯುವುದು ಆ ಕಾಲನ್ನು. ಕೈಯ ಬಿಸಿ ಮೇಲಕ್ಕೆ ತಾಗಬಾರದು. ಮನೆಯಲ್ಲಿ ಹೆಂಡತಿ ನಿಂಬೆ ಶರಬತ್ತು ಮಾಡಿದರೂ ಇವನು ಕಪಾಟಿನ ಮುಂದೆ ನಿಂತು ಯೋಚಿಸುತ್ತಿದ್ದ. "ಬೇಗ ಒಂದು ತಗೊಳ್ರೀ, ಬಾಯಾರಿಕೇನೇ ಹೋಯ್ತು" ಎಂದು ಅವಳು ಗೊಣಗುತ್ತಿದ್ದಳು.

ಇಂಥವನು ಇದ್ದಕ್ಕಿದ್ದಂತೆ ಕೆಲಸ ಬಿಟ್ಟ. ಮಂಡಿನೋವು ಎಂದ. ಮಂಡಿ ಗುಂಡುಕಲ್ಲಿನ ಹಾಗಿತ್ತು; ನಡುಗುತ್ತಿದ್ದುದು ಬಲಗೈ. ಅಂಚಿನ ತನಕ ತುಂಬಿದ ಗ್ಲಾಸು ಎತ್ತಿದರೆ, ಮೇಜು ಮುಟ್ಟುವಷ್ಟರಲ್ಲಿ ಅರ್ಧ ಟ್ರೇ ಪಾಲು. ಮನೆಯಲ್ಲಿ ಇದು ಯಾರಿಗೂ ತಿಳಿಯದೆಂದು ಅವನ ನಂಬಿಕೆ. ಕೈಯನ್ನು ಸದಾ ಜೇಬಿನಲ್ಲಿಟ್ಟುಕೊಂಡು ತಿರುಗುವ ಗತ್ತು ನೋಡಿ, ಇವನಿಗೆ ಎಲ್ಲೋ ಆಸ್ತಿ ಬಂದಿರಬೇಕು ಎಂದುಕೊಂಡರು ನೆರೆಯವರು.

ಅಷ್ಟರಲ್ಲಿ, ಅದೇ ಕಸುಬು ಕಲಿತ ಮಗಳು ತನ್ನದೇ ಪುಟ್ಟ ಬಾರ್ ತೆರೆಯಲು ಹೊರಟಳು. ಗ್ಲಾಸಪ್ಪ ಒಳಗೊಳಗೇ ಹಿಗ್ಗಿದ. ಗ್ಲಾಸು ಆರಿಸಲು ತನ್ನನ್ನು ಕರೆಯದೆ ಇನ್ಯಾರನ್ನು ಕರೆದಾಳು? ಅಂಗಿಗೆ ಇಸ್ತ್ರಿ ಹಾಕಿಸಿ ಕಾದ. ಕರೆ ಬರಲಿಲ್ಲ. ಗ್ಲಾಸೆಲ್ಲ ಬಂದು ಜೋಡಿಸಿಯೂ ಆಯಿತು ಎಂಬ ಸುದ್ದಿ ಬಂತು.

"ನನ್ನನ್ನ ಒಂದು ಮಾತು ಕೇಳಿದ್ರೆ ಅವಳ ಗಂಟೇನು ಹೋಗ್ತಿತ್ತು?" ಎಂದು ಹೆಂಡತಿಯ ಮೇಲೆ ಹಾರಾಡಿದ.

"ಅದನ್ನ ಅವಳನ್ನೇ ಕೇಳಿ. ನನ್ನ ತಲೆ ಯಾಕೆ ತಿಂತೀರಿ?"

ಬಾರ್ ಶುರುವಾದ ದಿನ ಹೆಂಡತಿಯ ಜೊತೆ ಹೋದ. ಹರಸಲಿಕ್ಕಲ್ಲ, ಕೊಂಕು ಹುಡುಕಲಿಕ್ಕೆ. ಕಪಾಟಿನಲ್ಲಿ ಕೊಂಕು ಸಿಗಲಿಲ್ಲ. ಉದ್ದನೆಯವು ಒಂದು ಕಡೆ, ಕಾಲಿರುವವು ಒಂದು ಕಡೆ, ಒಂದರ ಮೇಲೂ ಬೆರಳ ಗುರುತಿಲ್ಲ. ಎಲ್ಲ ಸರಿಯಿದ್ದದ್ದಕ್ಕೇ ಅವನ ಮುಖ ಇನ್ನಷ್ಟು ಊದಿಕೊಂಡಿತು. ಆಗ ಮಗಳು ಕಿತ್ತಳೆ ರಸದ್ದೊಂದನ್ನು ಐಸಿನಲ್ಲಿ ಕುಲುಕಿ, ಸೋಸಿ, ಕುಳ್ಳನೆಯ ದಪ್ಪ ತಳದ ಗ್ಲಾಸಿಗೆ, ಅದೂ ಅರ್ಧಕ್ಕೆ ಮಾತ್ರ ಸುರಿದಳು. ಸಿಕ್ಕಿಬಿದ್ದಳು!

"ಏನೇ ಇದು? ಐಸಿಲ್ಲದ್ದನ್ನ ಇದಕ್ಕೆ ಹಾಕ್ತಾರಾ? ಅದೂ ಅರ್ಧ! ನನ್ನ ಮಗಳು ಅಂತ ಯಾರ ಹತ್ರಾನೂ ಹೇಳ್ಕೋಬೇಡ!"

ಬಂದವರೆಲ್ಲ ತಿರುಗಿ ನೋಡಿದರು. ಮಗಳು ಮುಂದಕ್ಕೆ ಬಾಗಿ, ಅವನಿಗಷ್ಟೇ ಕೇಳುವಂತೆ ಹೇಳಿದಳು.

"ಬೇರೆಯವರಿಗೆಲ್ಲ ಕಾಲಿರೋದ್ರಲ್ಲೇ ಕೊಡ್ತೀನಪ್ಪಾ. ಇದನ್ನ ಹುಡುಕಿ ತಂದಿದ್ದು ನೀನು ಎತ್ಕೊಂಡು ಹೋಗೋಕೆ. ಭಾರ ಇದೆ, ಕೈ ಅಲುಗಿದ್ರೂ ಚೆಲ್ಲಲ್ಲ. ಇಲ್ಲಿಂದ ಮೊದಲನೇದು ನಿನ್ನ ಕೈಯಿಂದಾನೇ ಹೋಗ್ಬೇಕು. ಮೊದಲೇ ಕೇಳಿದ್ರೆ ಈ ಗ್ಲಾಸು ಬೇಡ ಅಂತಿದ್ದೆ, ಅದಕ್ಕೇ ನಿನ್ನನ್ನ ಕೇಳಲಿಲ್ಲ."

ಗ್ಲಾಸಪ್ಪನಿಗೆ ನಾಚಿಕೆಯಾಯಿತು, ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಹೆಂಡತಿಯತ್ತ ನೋಡಿದ. ಅವಳು ಏನೂ ಅರಿಯದವಳಂತೆ ಛಾವಣಿ ನೋಡುತ್ತಿದ್ದಳು. ಅಯ್ಯೋ, ಇವಳಿಗೂ ಗೊತ್ತು! ಇನ್ನು ಮುಚ್ಚಿಡುವುದು ಯಾರಿಂದ? ಕೈಯನ್ನು ಜೇಬಿನಿಂದ ಹೊರತೆಗೆದ. ಎಲ್ಲರ ಎದುರೇ ಅದು ನಡುಗಿತು, ನಡುಗಿದರೆ ನಡುಗಲಿ. ಗ್ಲಾಸು ಎತ್ತಿಕೊಂಡು ಹೆಂಡತಿ ಕೂತಿದ್ದ ಮೇಜಿಗೆ ನಡೆದ. ಒಂದು ಹನಿ ಚೆಲ್ಲಲಿಲ್ಲ.

ಅವಳು ಒಂದು ಗುಟುಕು ಕುಡಿದು ಹುಬ್ಬೇರಿಸಿದಳು. "ರುಚಿ ಏನೋ ಚೆನ್ನಾಗಿದೆ. ಆದ್ರೆ ಇದಕ್ಕೆ ಈ ಗ್ಲಾಸು ಸರಿಯಲ್ಲ, ಅಲ್ವೇನ್ರೀ?"

"ಸುಮ್ನೆ ಕುಡಿಯೇ" ಎಂದ ಗ್ಲಾಸಪ್ಪ. "ಆರಿಸಿದ್ದು ನನ್ನ ಮಗಳು."