ವೀರಬಸಮ್ಮನ ಕಲ್ಚಟ್ಟಿ

ಡೈರಿಗೆ ಹಾಲು ಒಯ್ಯುವ ಯೋಗೇಶ ಬೈಕಿನಿಂದ ಇಳಿಯದೆಯೇ ಸುದ್ದಿ ಹೇಳುತ್ತಾನೆ. ಅವತ್ತು ಅಂಗಳ ಗುಡಿಸುತ್ತಿದ್ದ ವೀರಬಸಮ್ಮನಿಗೆ ಹೇಳಿದ್ದು ಹಸುವಿನ ಸುದ್ದಿ.

"ದಾಕ್ಷಾಯಿಣಮ್ಮನ ಹಸು ಕರು ಹಾಕ್ತು. ಬಾಣಂತಿಗೆ ಅಂತ ದಿನಾ ಎರಡು ಸೇರು ಹುರುಳಿ ಬೇಯಿಸ್ತಾರೆ. ಕೊಟ್ಟಿಗೆ ಹತ್ರ ಹೋದ್ರೆ ಘಮ್ ಅಂತದೆ ಅಮ್ಮಾ."

"ಕಟ್ಟು ಏನು ಮಾಡ್ತಾಳೆ?"

"ಎಂತ ಕಟ್ಟು?"

"ಹುರುಳಿ ಬೆಂದ ನೀರು ಕಣೋ."

"ಅದೂ ಹಸುವಿಗೇ."

ವೀರಬಸಮ್ಮನ ಕೈಯಲ್ಲಿದ್ದ ಪೊರಕೆ ನಿಂತಿತು. "ಇನ್ನೆಷ್ಟು ದಿನ ಬೇಯಿಸ್ತಾಳಂತೆ?"

"ಇನ್ನೊಂದು ಎಂಟು ದಿನ ಇರಬಹುದು," ಎಂದು ಯೋಗೇಶ ಗಾಡಿ ಎಬ್ಬಿಸಿದ.

ದಾಕ್ಷಾಯಿಣಿ ವೀರಬಸಮ್ಮನ ಮೈದುನನ ಹೆಂಡತಿ. ಬಾಳೆಹೊನ್ನೂರಿನಿಂದ ನರಸಿಂಹರಾಜಪುರಕ್ಕೆ ಹೋಗುವ ದಾರಿಯಲ್ಲಿ ಇಬ್ಬರ ಮನೆಗಳ ನಡುವೆ ಇರುವುದು ಒಂದೂವರೆ ಮೈಲಿ. ಹನ್ನೊಂದು ವರ್ಷದಿಂದ ಇವಳು ಅತ್ತ ಹೋಗಿಲ್ಲ, ಅವಳು ಇತ್ತ ಬಂದಿಲ್ಲ.

ಮನೆ ಒಂದಾಗಿದ್ದಾಗ ಉಣ್ಣುವವರು ಹದಿನಾಲ್ಕು ಜನ, ಕೊಟ್ಟಿಗೆಯಲ್ಲಿ ಎರಡು ಜೊತೆ ಎತ್ತು. ಉಳುಮೆಯ ದಿನಗಳಲ್ಲಿ ಎತ್ತುಗಳಿಗೆಂದು ಹಂಡೆಯಲ್ಲಿ ಹುರುಳಿ ಬೇಯುತ್ತಿತ್ತು. ಕಾಳು ಎತ್ತಿಗೆ, ಬಸಿದ ಕಂದು ನೀರು ಮನುಷ್ಯರಿಗೆ. ಇದರಲ್ಲಿ ಯಾರಿಗೂ ಅವಮಾನ ಕಾಣಲಿಲ್ಲ. ಆ ಕಟ್ಟಿಗೆ ಹುಳಿ, ಉಪ್ಪು, ಮೆಣಸಿನಪುಡಿ ಬಿದ್ದು, ಬೆಳ್ಳುಳ್ಳಿ ಒಗ್ಗರಣೆ ಚುಂಯ್ ಎಂದು, ಕಲ್ಲಿನಲ್ಲಿ ಕಡೆದ ಕಲ್ಚಟ್ಟಿಯಲ್ಲಿ ಕುದಿಯತೊಡಗಿದರೆ ಮೂರು ದಿನ ಒಲೆ ಬಿಟ್ಟು ಇಳಿಯುತ್ತಿರಲಿಲ್ಲ. ಮೊದಲ ದಿನ ಅದು ಬರೀ ಹುಳಿನೀರು. ಎರಡನೇ ದಿನ ಸಾರು. ಮೂರನೇ ದಿನ ಕಾಸಿದ ಬೆಲ್ಲದಂತೆ ಕಪ್ಪಗೆ ದಪ್ಪಗಾಗಿ, ಬಿಸಿ ಅನ್ನದ ಗುಳಿಯಲ್ಲಿ ಬೆಣ್ಣೆ ಉಂಡೆಯ ಜೊತೆ ಕೂತರೆ, ಹದಿನಾಲ್ಕು ಜನರ ಬಾಯಲ್ಲಿ ಒಂದು ಮಾತಿಲ್ಲ. ತಾಲ್ಲೂಕು ಕಚೇರಿ ಎದುರು ರೈತರು ಒಂಬತ್ತು ದಿನ ಧರಣಿ ಕೂತಾಗಲೂ ಈ ಮನೆಯಿಂದ ಕ್ಯಾನಿನಲ್ಲಿ ಸಾರು ಹೋಗಿತ್ತು. ಅಲ್ಲಿ ಯಾರು ಏನು ಭಾಷಣ ಮಾಡಿದರು ಎಂದು ಇವತ್ತು ಕೇಳಿದರೆ ಒಬ್ಬನಿಗೂ ನೆನಪಿಲ್ಲ. ಸಾರು ನೆನಪಿದೆ.

ಹಿಸ್ಸೆಯ ದಿನ ಗದ್ದೆ, ತೋಟ, ಪಾತ್ರೆ ಎಲ್ಲ ಸಲೀಸಾಗಿ ಎರಡು ಪಾಲಾಯಿತು. ಎತ್ತುಗಳು ಮೈದುನ ಚಂದ್ರಶೇಖರನ ಪಾಲಿಗೆ ಬಂದವು. ಆಗ ವೀರಬಸಮ್ಮ ಎದ್ದು ನಿಂತು, "ಕಲ್ಚಟ್ಟಿ ನನಗೆ," ಅಂದಳು. ಅತ್ತೆ ಸಾಯುವ ಮೊದಲು ಅದನ್ನು ತನ್ನ ಕೈಗೇ ಕೊಟ್ಟಿದ್ದು ಎಂಬುದು ಅವಳ ವಾದ. ಒಲೆ ಮುಂದೆ ಹೆಚ್ಚು ಕೂತವಳು ತಾನು ಎಂಬುದು ದಾಕ್ಷಾಯಿಣಿಯ ವಾದ. ಎರಡೂ ನಿಜ. ಕೊನೆಗೆ ದಾಕ್ಷಾಯಿಣಿಯೇ ಕೈ ಕೊಡವಿದಳು.

"ಒಯ್ಯಿರಿ ಅಕ್ಕಾ. ಎತ್ತಿಲ್ಲದ ಮನೇಲಿ ಕಲ್ಲು ನೆಕ್ಕಿಕೊಂಡಿರಿ."

"ನೀನು ಸಗಣಿ ಬಾಚಿಕೊಂಡಿರು."

ಹೀಗೆ ಹುರುಳಿ ಬೇಯುವ ಮನೆಯಲ್ಲಿ ಕಲ್ಚಟ್ಟಿ ಇಲ್ಲ, ಕಲ್ಚಟ್ಟಿ ಇದ್ದ ಮನೆಯಲ್ಲಿ ಹುರುಳಿ ಬೇಯುವುದಿಲ್ಲ. ಎರಡು ವರ್ಷಕ್ಕೆ ಆ ಎತ್ತುಗಳೂ ಹೋದವು. ವೀರಬಸಮ್ಮನ ಗಂಡ ವೃಷಭೇಂದ್ರಪ್ಪನೂ ಹೋದ. ಮಗ ರೇಣುಕಾಪ್ರಸಾದ್ ಟಿಲ್ಲರ್ ತಂದ. ಟಿಲ್ಲರ್ ಡೀಸೆಲ್ ಕುಡಿಯುತ್ತದೆ, ಅದರಿಂದ ಸಾರು ಬರುವುದಿಲ್ಲ.

ಅವಳು ಸುಮ್ಮನೆ ಕೂತವಳಲ್ಲ. ಕುಕ್ಕರಿನಲ್ಲಿ ಒಂದು ಹಿಡಿ ಹುರುಳಿ ಬೇಯಿಸಿ ನೋಡಿದಳು. ಬಂದ ನೀರು ಮುಸುರೆಗಿಂತ ತೆಳ್ಳಗಿತ್ತು. ಮಗ "ಚೆನ್ನಾಗಿದೆ ಅವ್ವ" ಎಂದು ಹಪ್ಪಳಕ್ಕೆ ಕೈ ಹಾಕಿದ, ಅಲ್ಲೇ ಗೊತ್ತಾಯಿತು. ಮುಂದಿನ ಸಲ ಎರಡು ಸೇರು ಹಾಕಿದಳು. ಸಾರೇನೋ ತಕ್ಕಮಟ್ಟಿಗೆ ಬಂತು. ಬೆಂದ ಕಾಳನ್ನು ತಿನ್ನಲು ಎತ್ತಿಲ್ಲವಲ್ಲ, ಮನೆಯವರೇ ಪಲ್ಯ, ಉಸಲಿ ಎಂದು ಮೂರು ದಿನ ತಿಂದರು. ನಾಲ್ಕನೇ ದಿನ ರೇಣುಕಾಪ್ರಸಾದ್ ಜಗಲಿಯಲ್ಲಿ ಹಾಸಿಗೆ ಹಾಕಿಕೊಂಡು, "ಸಾಕು ಮಾರಾಯ್ತಿ, ಒಳಗೆ ಉಸಿರಾಡೋ ಹಾಗಿಲ್ಲ," ಎಂದ. ಕಲ್ಚಟ್ಟಿ ಅಟ್ಟ ಸೇರಿತು.

ಆದರೂ ಕೆಲವು ಮಧ್ಯಾಹ್ನ ಅನ್ನ ಬಡಿಸಿಕೊಂಡು ನಡುವೆ ಗುಳಿ ಮಾಡಿ ಅವಳು ಹಾಗೇ ಕೂತಿರುತ್ತಿದ್ದಳು. ಗುಳಿಗೆ ಬೀಳಬೇಕಾದ್ದು ಬರುವುದಿಲ್ಲ ಎಂದು ಗೊತ್ತಿದ್ದೂ ಕೈ ಗುಳಿ ಮಾಡುತ್ತಿತ್ತು. ಆಸೆ ಸಾರಿನದೋ, ಒಲೆಯ ಆಚೆ ಬದಿ ಕೂತು ಬೆಂಕಿ ತಳ್ಳುತ್ತಿದ್ದವಳದೋ ಎಂದು ಕೇಳಿದ್ದರೆ ಬೈದು ಕಳಿಸುತ್ತಿದ್ದಳು.

ಯೋಗೇಶ ಹೋದ ಮೇಲೆ ಅಟ್ಟ ಹತ್ತಿದಳು. ವರ್ಷಗಟ್ಟಲೆ ಒಣಗಿದ ಕಲ್ಲನ್ನು ಸೀದಾ ಒಲೆಗಿಟ್ಟರೆ ಬಿರಿಯುತ್ತದೆ. ಮೂರು ದಿನ ಹರಳೆಣ್ಣೆ ಸವರಿ, ಬಿಸಿ ಗಂಜಿ ತುಂಬಿಸಿ ಇಟ್ಟಳು.

"ಎಂತ ಅವ್ವ ಇದು?" ಎಂದ ಮಗ.

"ಬಾಣಂತನ."

ನಾಲ್ಕನೇ ಬೆಳಿಗ್ಗೆ ಅದನ್ನು ಗೋಣಿಯಲ್ಲಿ ಸುತ್ತಿ ಟಿಲ್ಲರಿನ ಟ್ರೇಲರಿಗೆ ಏರಿಸಿ, ಪಕ್ಕದಲ್ಲಿ ತಾನೂ ಕೂತಳು. ಎಲ್ಲಿಗೆ ಎಂದು ಮಗ ಕೇಳಲಿಲ್ಲ. ಚಿಕ್ಕಪ್ಪನ ಅಂಗಳದಲ್ಲಿ ಇಳಿಸಿ, "ನಾನೂ ಇರಲಾ?" ಎಂದ.

"ಬೇಡ. ಸಂಜೆ ಬಾ."

ದಾಕ್ಷಾಯಿಣಿ ಕೊಟ್ಟಿಗೆ ಬಾಗಿಲಲ್ಲಿ ಹುರುಳಿಯ ಪಾತ್ರೆ ಹಿಡಿದು ನಿಂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಕಟ್ಟು ಚೆಲ್ಲಬೇಡ," ಅಂದಳು ವೀರಬಸಮ್ಮ.

ದಾಕ್ಷಾಯಿಣಿ ಗೋಣಿಯ ಗಂಟು ನೋಡಿದಳು. "ಕಲ್ಲು ನೆಕ್ಕಿ ಸಾಕಾಯ್ತಾ?"

"ಸಾಕಾಯ್ತು. ಒಲೆ ಹಚ್ಚು."

ಆಮೇಲೆ ಬರೀ ಬೆಂಕಿಯ ಮಾತು. ಕೊಳ್ಳಿ ಹಿಂದಕ್ಕೆಳಿ. ಹುಳಿ ಸಾಲದು. ಸೌಟು ಅಲ್ಲಲ್ಲ, ಈ ಬದಿಗಿಡು. ಕಲ್ಚಟ್ಟಿಯ ಒಳಮೈಯಲ್ಲಿ ಹಳೆಯ ಸಾರಿನ ಕಪ್ಪು ಗೆರೆಯೊಂದಿತ್ತು. ಕಟ್ಟು ಸುರಿದು, ನೀರು ಬೆರೆಸಿ, ಇಬ್ಬರೂ ಆ ಗೆರೆ ಮುಟ್ಟುವವರೆಗೆ ತುಂಬಿಸಿದ್ದರು. ಊಟಕ್ಕೆ ಬಂದ ಚಂದ್ರಶೇಖರ ಇಣುಕಿ ನೋಡಿ ನಕ್ಕ.

"ಅತ್ತಿಗೆ, ಮೂರು ಜನಕ್ಕೆ ಇಷ್ಟಾ?"

"ಅಕ್ಕನಿಗೆ ಅಳತೆ ಮರೆತುಹೋಗಿದೆ," ಅಂದಳು ದಾಕ್ಷಾಯಿಣಿ.

"ಅಳತೆ ಸರಿ ಇದೆ. ಜನ ಇಲ್ಲ."

ಚಂದ್ರಶೇಖರ ಮಣೆ ಎಳೆದುಕೊಂಡು ಗೋಡೆಗೆ ಸರಿದು ಕೂತ. ಅಣ್ಣ ಇದ್ದಾಗ ಕೂರುತ್ತಿದ್ದ ಹಾಗೆ, ಬಲಕ್ಕೆ ಒಬ್ಬರಿಗೆ ಜಾಗ ಬಿಟ್ಟು.

ವೀರಬಸಮ್ಮ ಅನ್ನದಲ್ಲಿ ಗುಳಿ ಮಾಡಿದಳು. ದಾಕ್ಷಾಯಿಣಿ ಸಾರು ಹಾಕಿದಳು. ಹುಳಿಯಿತ್ತು, ಖಾರವಿತ್ತು, ಹುರುಳಿಯ ಮಣ್ಣುವಾಸನೆಯೂ ಇತ್ತು. ಆದರೆ ಅನ್ನದಲ್ಲಿ ನಿಲ್ಲದೆ ಹರಿದು ತಟ್ಟೆಯ ಅಂಚಿಗೆ ಹೋಯಿತು.

"ಇದಲ್ಲ," ಅಂದಳು ದಾಕ್ಷಾಯಿಣಿ.

"ಮೊದಲನೇ ದಿನವೇ ಹದ ಬಂದಿತ್ತಾ ಯಾವತ್ತಾದ್ರೂ?" ಅಂದಳು ವೀರಬಸಮ್ಮ.

ಸಂಜೆ ಟಿಲ್ಲರ್ ಬಂತು. ರೇಣುಕಾಪ್ರಸಾದ್ ಗೋಣಿ ಹಿಡಿದು ಒಲೆಯ ಹತ್ತಿರ ಬಂದ. "ಸಾರು ಬೇರೆಯದಕ್ಕೆ ಬಗ್ಗಿಸಿದ್ರೆ ಕಲ್ಚಟ್ಟಿ ಎತ್ತಬಹುದಾ?"

ದಾಕ್ಷಾಯಿಣಿ ಉತ್ತರಕ್ಕೆ ಕಾಯದವಳಂತೆ ಕರುವಿನ ಹಗ್ಗ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಗಂಟು ಸರಿಯಾಗಿಯೇ ಇತ್ತು.

ವೀರಬಸಮ್ಮ ಚಟ್ಟಿಯ ಅಂಚಿನ ಮೇಲೆ ಕೈಯಿಟ್ಟಳು. "ಬಿಸಿ ಇದೆ. ಇಲ್ಲೇ ಇರಲಿ."

ಮಗನೂ ಮುಟ್ಟಿ ನೋಡಿದ. ಕಲ್ಲು ಆಗಲೇ ತಣಿದಿತ್ತು. "ಹೌದು, ಬಿಸಿ ಇದೆ," ಎಂದು ಗೋಣಿ ಮಡಚಿದ.

"ನಾಳೆ ಬೆಣ್ಣೆ ಕಡೀತೀನಿ," ಅಂದಳು ದಾಕ್ಷಾಯಿಣಿ, ಕರುವಿಗೆ ಹೇಳುವಂತೆ. "ಬೇಗ ಬನ್ನಿ. ಒಬ್ಬಳೇ ಬೆಂಕಿ ಕಾಯೋಕೆ ನನ್ನಿಂದಾಗಲ್ಲ."

ದಾರಿಯಲ್ಲಿ ವೀರಬಸಮ್ಮ ಅಂಗೈ ಮೂಸಿಕೊಂಡಳು. ಎಂಟರಲ್ಲಿ ನಾಲ್ಕು ದಿನ ಮುಗಿದಿತ್ತು. ಈ ಸಾರು ಹದಕ್ಕೆ ಬಂದು ಉಂಡು ಮುಗಿಯುವಷ್ಟರಲ್ಲಿ ಅಲ್ಲಿ ಹುರುಳಿ ಬೇಯುವುದೇ ನಿಲ್ಲುತ್ತದೆ. ಆ ಹಸು ಇನ್ನೊಂದು ಕರು ಹಾಕಬೇಕೆಂದರೆ ವರ್ಷದ ಮೇಲಾಗುತ್ತದೆ. ಅಷ್ಟು ದಿನ ಕಾಯುವ ವಯಸ್ಸು ಇಬ್ಬರದೂ ಅಲ್ಲ.

"ರೇಣುಕಾ, ಗಬ್ಬದ ಹಸು ಎಲ್ಲಾದ್ರೂ ಸಿಕ್ಕಿದ್ರೆ ನಮ್ಮನೇಲೂ ಒಂದು ಕಟ್ಟೋಣ."

"ಹಾಲಿಗಾ ಅವ್ವ?"

"ಹಾಲು ನೀನು ಕುಡಿ."