ಬಸ್ಸಿನ ಮುಂದೆ ಅರ್ಧ ಕಿಲೋಮೀಟರ್

ಗೆಳೆಯರೇ, ಇಂದು ನಲವತ್ತು ಜನ ತುಂಬಿದ್ದ ಬಸ್ಸೊಂದು ನನ್ನ ಸೈಕಲ್ಲಿನ ಹಿಂದೆ ಮೆತ್ತಗೆ ನಡೆದು ಬಂತು.

ಬ್ಯಾಡಗಿ, ರಾಣೆಬೆನ್ನೂರು ಎಂದು ಮೂರು ದಿನ ಸೈಕಲ್ ತುಳಿದು, ಗುತ್ತಲದ ಮೇಲೆ ಹಾವೇರಿಗೆ ಮರಳುತ್ತಿದ್ದೆ. ಒಂದು ಕಡೆ ಊರವರು ಅರ್ಧ ರಸ್ತೆಗೆ ಗೋವಿನಜೋಳ ಒಣಹಾಕಿ, ಅಂಚಿಗೆ ಕಲ್ಲು ಜೋಡಿಸಿದ್ದರು. ಉಳಿದರ್ಧದಲ್ಲಿ ನಾನು, ಬೆನ್ನಿಗೆ ಬಸ್ಸಿನ ಹಾರ್ನ್. ಸಿಟ್ಟು ಬಂದು ಇಳಿದು ನಿಂತೆ.

ಡ್ರೈವರ್ ತಲೆ ಹೊರಗೆ ಹಾಕಿದ. "ಬಾಜೂ ಸರೀರಿ ಸರ! ಸೈಕಲ್ಲೇನ ಭಾರ ಐತಿ, ಕಾಳಿನ ಮ್ಯಾಲ ಹಾಯಿಸಿ ಹೋಗ್ರಿ."

ನಾನು ಬಾಯಿ ತೆರೆಯುವ ಮೊದಲೇ, ಬರಿಗಾಲಲ್ಲಿ ಕಾಳು ತಿರುವುತ್ತಿದ್ದ ಹೆಂಗಸು ಸೊಂಟಕ್ಕೆ ಕೈಯಿಟ್ಟರು. "ಕಾಳಿನ ಮ್ಯಾಲ ಗಾಲಿ ಹತ್ತಿಸಿದ್ರ ನೋಡ್ ಮತ್ತ! ಆ ಸರ ಮುಂದ ಹೋಗ್ಲಿ, ನೀ ಹಿಂದ ಸಾವಕಾಶ ಬಾ."

"ಲೇಟ್ ಆಗತೈತಿ ಬೇ ಯಕ್ಕಾ!"

"ಬಿಸಲೇನ ನಿನ್ನ ಬಸ್ ನೋಡಿ ನಿಂದ್ರತೈತೇನು?"

ನಾನು ಮತ್ತೆ ಸೈಕಲ್ ಹತ್ತಿದೆ, ಡ್ರೈವರ್ ತಲೆ ಒಳಗೆಳೆದುಕೊಂಡ. ಕಾಳು ಮುಗಿಯುವವರೆಗೆ, ಅಂದರೆ ಅರ್ಧ ಕಿಲೋಮೀಟರ್, ಒಂದು ಹಾರ್ನೂ ಇಲ್ಲದೆ ಹಿಂದೆ ಬಂದ. ಕಿಟಕಿಯಿಂದ ಯಾರೋ "ತುಳೀರಿ ಸರ, ತುಳೀರಿ!" ಎಂದು ಹುರಿದುಂಬಿಸಿದರು. ಕೊನೆಗೆ ಡ್ರೈವರ್ ನನ್ನಿಂದ ಒಂದು ಮಾರು ದೂರ ಸರಿದು, ಮುಂದೆ ಹೋಗುತ್ತ ನಕ್ಕು ಕೈಯೆತ್ತಿದ. ನಾನೂ ಎತ್ತಿದೆ.

ಸೈಕಲ್ಲಿಗೂ ರಸ್ತೆಯಲ್ಲಿ ಜಾಗ ಕೊಡಿ ಎಂದು ಎಷ್ಟೋ ವರ್ಷದಿಂದ ಇಲ್ಲಿ ಬರೆಯುತ್ತಿದ್ದೇನೆ. ನೀವೆಲ್ಲ ತಪ್ಪದೆ ಲೈಕ್ ಒತ್ತಿದ್ದೀರಿ. ಜಾಗ ಕೊಡಿಸಿದ್ದು ಮಾತ್ರ, ಅರ್ಧ ರಸ್ತೆಯನ್ನು ತಾನೇ ನುಂಗಿ ಮಲಗಿದ್ದ ಗೋವಿನಜೋಳ.