ದೊಡ್ಡಕ್ಕ ಇಳಿಸುತ್ತಿದ್ದ ಕೈ

ಸಮ್ಮೇಳನಕ್ಕೆ ಬರುವ ತಜ್ಞರನ್ನು ಬೇರೆಯವರು ಅವರ ಭಾಷಣ ಕೇಳಿ ಅಳೆಯುತ್ತಾರೆ, ನಾವು ಅವರ ತಟ್ಟೆ ನೋಡಿ ಅಳೆಯುತ್ತೇವೆ. ಸಭಾಭವನದ ನೆಲಮಾಳಿಗೆಯಲ್ಲಿ ಪಾತ್ರೆ ತೊಳೆಯುವ ಹೆಂಗಸರು ನಾವು. ಮೇಲಿನ ಊಟದ ಕೋಣೆಯಿಂದ ತಟ್ಟೆಗಳು ಲಿಫ್ಟಿನಲ್ಲಿ ಇಳಿದು ಬರುತ್ತವೆ. ಒಂದೇ ಒಂದು ಸಲ ಕಚ್ಚಿ ಬಿಟ್ಟ ಕೋಳಿ ತುಂಡು, ಸೂಪಿನಲ್ಲಿ ಅದ್ದಿ ಆರಿಸಿದ ಸಿಗರೇಟು, ತಟ್ಟೆಯ ಅಡಿಗೆ ಮೆತ್ತಿದ ಚೂಯಿಂಗ್ ಗಮ್, ಮೂಗು ಒರೆಸಿ ಲೋಟದೊಳಗೆ ತುರುಕಿದ ಕಾಗದ. ವರ್ಷಕ್ಕೊಮ್ಮೆ ನಡೆಯುವ ಸಾರ್ವಜನಿಕ ಹಣಕಾಸು ಮತ್ತು ನಾಯಕತ್ವ ಸಮ್ಮೇಳನದ ಎಂಜಲಿನಷ್ಟು ಹೇಸಿಗೆ ಎಂಜಲನ್ನು ನಾನು ಎಲ್ಲೂ ಕಂಡಿಲ್ಲ. ಮದುವೆ ಮನೆಯವರು ಕೂಡ ಇಷ್ಟು ಚೆಲ್ಲುವುದಿಲ್ಲ. ಬೆಳಗಿನಿಂದ ಮಿತವ್ಯಯದ ಬಗ್ಗೆ ಮಾತಾಡಿ ಮಾತಾಡಿ ಹಸಿವೇ ಸತ್ತುಹೋಗುತ್ತದೋ ಏನೋ.

ನಮ್ಮಲ್ಲಿ ಇದಕ್ಕೆಲ್ಲ ಮೂಗು ಮುರಿಯದವಳು ದೊಡ್ಡಕ್ಕ ಒಬ್ಬಳೇ. ಅವಳಿಗಿಂತ ವಯಸ್ಸಾದವರಿದ್ದರೂ ಎಲ್ಲರಿಗೂ ಅವಳು ದೊಡ್ಡಕ್ಕನೇ. ರಬ್ಬರ್ ಗ್ಲೌಸು ಹಾಕಿದರೆ ಜಿಡ್ಡು ಹೋಯಿತೋ ಇಲ್ಲವೋ ತಿಳಿಯುವುದಿಲ್ಲ ಎಂದು ಬರಿಗೈಯಲ್ಲೇ ತೊಳೆಯುತ್ತಿದ್ದಳು. ಬೆರಳುಗಳು ಸದಾ ನೆನೆದು, ಬಿಳುಚಿ, ಸುಕ್ಕುಗಟ್ಟಿರುತ್ತಿದ್ದವು. ಗಂಡ ತೀರಿಕೊಂಡ ಮೇಲೆ ಆ ಕೈಯಲ್ಲೇ ಮಗಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದಳು. ಮಗಳು ಈಗ ಆಸ್ಪತ್ರೆಯಲ್ಲಿ ಆಯಾ. ಅಳಿಯ ಇದ್ದೂ ಇಲ್ಲದ ಲೆಕ್ಕ. ಮೊಮ್ಮಗಳೊಬ್ಬಳಿದ್ದಾಳೆ, ಇನ್ನೂ ಪುಟ್ಟವಳು, ಕೆನ್ನೆ ಉಬ್ಬಿಕೊಂಡಿರುವುದಕ್ಕೆ ಗುಂಡಮ್ಮ ಎಂದೇ ಎಲ್ಲರೂ ಕರೆಯುವುದು.

ತಾಯಿ ಮಗಳು ಇಬ್ಬರೂ ದುಡಿಯಲು ಹೋದಾಗ ಗುಂಡಮ್ಮ ಇರುತ್ತಿದ್ದದ್ದು ಬಸ್ ಡಿಪೋ ಹಿಂದಿನ ನಗರಸಭೆಯ ಶಿಶುವಿಹಾರದಲ್ಲಿ. ಹಳದಿ ಗೇಟು, ಒಳಗೆ ಗೋಡೆಯುದ್ದಕ್ಕೂ ಚೀಲ ನೇತುಹಾಕುವ ಪುಟ್ಟ ಗೂಟಗಳು, ಗೂಟಕ್ಕೊಂದು ಚಿತ್ರ. ಗುಂಡಮ್ಮನದು ಬಾತುಕೋಳಿ. ಅದನ್ನು ಮುಚ್ಚುತ್ತಾರಂತೆ ಎಂಬ ಸುದ್ದಿ ಆಗಲೇ ಹಬ್ಬಿತ್ತು. ಮುಚ್ಚಿದರೆ ಇಬ್ಬರಲ್ಲಿ ಒಬ್ಬರು ಕೆಲಸ ಬಿಟ್ಟು ಮನೆಯಲ್ಲಿ ಕೂರಲೇಬೇಕು. ಒಬ್ಬರ ಸಂಬಳದಲ್ಲಿ ಬಾಡಿಗೆ ಕೊಟ್ಟರೆ ಒಲೆ ಉರಿಯುವುದಿಲ್ಲ. ದೊಡ್ಡಕ್ಕ ತಟ್ಟೆ ತೊಳೆಯುತ್ತಲೇ, "ಮಕ್ಕಳಿರೋ ಜಾಗ ಕಣೇ, ಅಷ್ಟು ಸುಲಭಕ್ಕೆ ಮುಚ್ತಾರಾ?" ಎಂದು ನನ್ನನ್ನು ಕೇಳುತ್ತಿದ್ದಳು. ನಾನು ಇಲ್ಲ ಎನ್ನುತ್ತಿದ್ದೆ. ಬೇರೆ ಏನು ಹೇಳಲಿ?

ಸಮ್ಮೇಳನದ ಕೊನೆಯ ದಿನ ಊಟವಾದ ಮೇಲೆ ನಮ್ಮ ಮೇಲ್ವಿಚಾರಕ ಓಡೋಡಿ ಕೆಳಗೆ ಬಂದ. ಆ ಉಗಿಯಲ್ಲೂ ಟೈ ಬಿಚ್ಚದ ಮಹಾನುಭಾವ, ಹಾಗಾಗಿ ನಾವು ಅವನಿಗೆ ಇಟ್ಟ ಹೆಸರೇ ಟೈ.

"ಏಪ್ರನ್ ಬಿಚ್ಚಿ, ಎಲ್ಲರೂ ಮೇಲೆ ಬನ್ನಿ. ಊಟ ಮಾಡಿ ಅರ್ಧಕ್ಕರ್ಧ ಜನ ಊರು ನೋಡೋಕೆ ಹೋಗಿದಾರೆ. ಪೇಪರಿನವರು ಬರ್ತಾರೆ, ಕುರ್ಚಿ ಖಾಲಿ ಕಾಣಬಾರದು."

"ನಮಗೇನು ಅರ್ಥ ಆಗುತ್ತೆ ಸಾರ್ ಅಲ್ಲಿ?" ಎಂದಳು ದೊಡ್ಡಕ್ಕ.

"ಅರ್ಥ ಆಗ್ಲಿ ಅಂತ ಯಾರು ಹೇಳಿದ್ರು? ನಾನು ಗೋಡೆ ಪಕ್ಕ ನಿಂತಿರ್ತೀನಿ. ನಾನು ಚಪ್ಪಾಳೆ ಹೊಡೆದ್ರೆ ಹೊಡೀರಿ, ಕೈ ಎತ್ತಿದ್ರೆ ಎತ್ತಿ. ಆಗಲ್ಲ ಅನ್ನೋರು ನಾಳೆಯಿಂದ ಬರೋದೇ ಬೇಡ."

ಬಡಿಸುವವರ ಕರಿ ಕೋಟುಗಳನ್ನು ನಮಗೆ ತೊಡಿಸಿದರು. ಕೊರಳಿಗೊಂದು ಬಿಲ್ಲೆ ತಗುಲಿಸಿದರು. ಅದರಲ್ಲಿ 'ನಾಗರಿಕ ಪ್ರತಿನಿಧಿ' ಎಂದಿತ್ತು.

"ನಾವು ಯಾವಾಗ ಆರಿಸಿ ಬಂದ್ವಿ ದೊಡ್ಡಕ್ಕ?" ಎಂದೆ.

"ಪಾತ್ರೆ ಗುರುತಿಗೆ ಓಟು ಬಿತ್ತಲ್ಲ, ಗೊತ್ತಿಲ್ವಾ?" ಎಂದು ನಕ್ಕಳು. ಅವಳು ಆ ಕಟ್ಟಡದಲ್ಲಿ ನಕ್ಕದ್ದು ಅದೇ ಕೊನೆ.

ಮೊದಲ ಸಾಲಿನಲ್ಲೇ ಕೂರಿಸಿದರು. ಮೊದಲಿಬ್ಬರು ತಜ್ಞರು ಏನು ಹೇಳಿದರೋ ದೇವರಿಗೇ ಗೊತ್ತು, ನನಗಂತೂ ಕಣ್ಣು ಎಳೆಯುತ್ತಿತ್ತು. ಮೂರನೆಯವನು ಎದ್ದ. ಊರೂರು ಸುತ್ತಿ ಸರ್ಕಾರಗಳಿಗೆ ಬುದ್ಧಿ ಹೇಳುವುದೇ ಅವನ ಕಸುಬಂತೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು. ವೇದಿಕೆಯಿಂದ ಇಳಿದು ನಮ್ಮೆದುರಿಗೇ ಬಂದು ನಿಂತ. ಹಲ್ಲಿನ ಸಂದಿಯಲ್ಲಿ ಮಧ್ಯಾಹ್ನದ ಸೊಪ್ಪು ಇನ್ನೂ ಸಿಕ್ಕಿಕೊಂಡಿತ್ತು.

"ನಿಮ್ಮ ಮೊಮ್ಮಕ್ಕಳ ತಲೆ ಮೇಲೆ ಸಾಲ ಹೊರಿಸೋದು ಬೇಡ ಅನ್ನೋರು ಕೈ ಎತ್ತಿ!"

ಮೊಮ್ಮಕ್ಕಳು ಎಂದ ಕೂಡಲೇ ದೊಡ್ಡಕ್ಕ ಟೈಯನ್ನು ನೋಡದೆಯೇ ಕೈ ಎತ್ತಿದಳು. ನಾವೂ ಎತ್ತಿದೆವು.

"ಹಾಗೇ ಇರಲಿ, ಇಳಿಸಬೇಡಿ. ಕಹಿಯಾದ್ರೂ ಒಳ್ಳೇದನ್ನೇ ಮಾಡೋ ಧೈರ್ಯ ಇರೋ ನಾಯಕ ಬೇಕು ಅನ್ನೋರು?"

ಕೈಗಳು ಮೇಲೇ ಇದ್ದವು.

"ಸಂತೋಷ. ಅಂದ ಮೇಲೆ ನಗರಸಭೆ ಶಿಶುವಿಹಾರಗಳಂಥ ಹೊರೆ ಇಳಿಸೋಕೆ ನಾಗರಿಕರೇ ಒಪ್ಪಿದ ಹಾಗಾಯ್ತು!"

ದೊಡ್ಡಕ್ಕ ನನ್ನ ಕಡೆ ತಿರುಗಿ, "ಏನಂದ? ಶಿಶುವಿಹಾರ ಅಂದನಾ?" ಎಂದಳು. ಹೂಂ ಎಂದೆ. ಅವಳ ಮುಖ ಬಿಳುಚಿತು. ಗೋಡೆಯ ಪಕ್ಕದಲ್ಲಿ ಟೈ ಕೈ ಎತ್ತಿಕೊಂಡು ನಮ್ಮನ್ನೇ ದುರುಗುಟ್ಟಿ ನೋಡುತ್ತಿದ್ದ. ಅವಳು ಅವನನ್ನು ನೋಡಿದಳು, ನೋಡಿಯೂ ಕೈ ಇಳಿಸತೊಡಗಿದಳು. ಅದು ಭುಜದವರೆಗೂ ಬಂದಿರಲಿಲ್ಲ, ಎದುರಿಗೆ ಮಂಡಿಯೂರಿದ್ದ ಫೋಟೋದವನು ಕ್ಲಿಕ್ಕಿಸಿಬಿಟ್ಟ. ಮರುಕ್ಷಣ ಅವಳ ಕೈ ಮಡಿಲಲ್ಲಿತ್ತು. ಆ ಸಾಲಿನಲ್ಲಿ ಇಳಿದದ್ದು ಅದೊಂದೇ. ನನ್ನದು ಮೇಲೇ ಇತ್ತು.

ಸಭೆ ಮುಗಿದು ಎಲ್ಲರೂ ಚಹಾಕ್ಕೆ ಎದ್ದಾಗ ದೊಡ್ಡಕ್ಕ ನೇರವಾಗಿ ಆ ತಜ್ಞನ ಬಳಿಗೇ ಹೋದಳು. ಟೈ ತಡೆಯುವಷ್ಟರಲ್ಲಿ ಅವನ ಮುಂದೆ ನಿಂತಿದ್ದಳು.

"ಸಾರ್, ನಾನು ಕೈ ಇಳಿಸಿದೀನಿ. ನಾನು ಒಪ್ಪಿಲ್ಲ. ನನ್ನ ಮೊಮ್ಮಗಳು ಅಲ್ಲೇ ಇರೋದು."

ಅವನು ಅವಳ ಬಿಲ್ಲೆ ಓದಿದ. "ನಿಮ್ಮಂಥವರ ದನಿಯೇ ನಮಗೆ ಬೇಕಾಗಿರೋದು ತಾಯಿ" ಎಂದ. ಎಂದವನು ಅವಳ ಹೆಗಲಾಚೆ ಯಾರನ್ನೋ ನೋಡಿ ನಗುತ್ತ, ಕೈಯಲ್ಲಿದ್ದ ಕಪ್ಪನ್ನು ಅವಳ ಕೈಗಿಟ್ಟು ಹೊರಟುಹೋದ. ಕಪ್ಪಿನಲ್ಲಿ ಅಗಿದು ಉಗಿದ ಕೇಕಿನ ಚೂರು ತೇಲುತ್ತಿತ್ತು. ಎಷ್ಟೋ ವರ್ಷದಿಂದ ಎಂಜಲು ತೊಳೆದವಳು ನಾನು, ಅಂಥ ಅಸಹ್ಯ ನನಗೆ ಹಿಂದೆಂದೂ ಆಗಿರಲಿಲ್ಲ. ದೊಡ್ಡಕ್ಕ ಅದನ್ನು ಹಿಡಿದುಕೊಂಡೇ ಮೆಟ್ಟಿಲಿಳಿದು ಬಂದು ತೊಳೆದಿಟ್ಟಳು.

ಕೆಲವೇ ದಿನಗಳಲ್ಲಿ ಶಿಶುವಿಹಾರದ ಗೇಟಿಗೆ ಅದನ್ನು ಮುಚ್ಚುವ ಸುದ್ದಿಯ ದೊಡ್ಡ ಪೋಸ್ಟರ್ ಬಿತ್ತು. 'ನಾಗರಿಕರ ಸಮ್ಮತಿಯೊಂದಿಗೆ' ಎಂಬ ದಪ್ಪಕ್ಷರದ ಕೆಳಗೆ ನಮ್ಮ ಸಾಲು. ನಟ್ಟನಡುವೆ ದೊಡ್ಡಕ್ಕ, ಕೈ ಮೇಲೆ. ಇಳಿಸುವ ಕೈಯೂ ಎತ್ತುವ ಕೈಯೂ ಫೋಟೋದಲ್ಲಿ ಒಂದೇ.

ಮಗಳು ಅದನ್ನು ನೋಡಿಕೊಂಡು ಮನೆಗೆ ಬಂದಾಗ ನಾನೂ ಅಲ್ಲಿದ್ದೆ.

"ಇಳಿಸ್ತಿದ್ದೆ ಕಣೇ" ಎಂದಳು ದೊಡ್ಡಕ್ಕ.

"ಮೇಲಿದೆಯಲ್ಲಮ್ಮ."

"ನಿನ್ನಾಣೆ, ಇಳಿಸ್ತಿದ್ದೆ. ಇವಳನ್ನೇ ಕೇಳು."

ನಾನು ಸಾಕ್ಷಿ ಹೇಳಿದೆ. ಮಗಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವೂ ಇದೀರಲ್ಲ ಚಿಕ್ಕಮ್ಮ, ಫೋಟೋದಲ್ಲಿ" ಎಂದು ಒಳಗೆ ಹೋದಳು.

ಮಗಳ ಸಂಬಳ ತುಸು ಹೆಚ್ಚು. ಹಾಗಾಗಿ ದೊಡ್ಡಕ್ಕನೇ ಕೆಲಸ ಬಿಟ್ಟಳು. ಶಿಶುವಿಹಾರದ ಕೊನೆಯ ದಿನ ಮಗುವನ್ನು ಕರೆತರಲು ಅವಳ ಜೊತೆ ನಾನೂ ಹೋಗಿದ್ದೆ. ಬಾತುಕೋಳಿಯ ಗೂಟದಿಂದ ಚೀಲ ತೆಗೆದುಕೊಂಡು ಹೊರಗೆ ಬಂದೆವು. ಹಳದಿ ಗೇಟು ಎಳೆದ ಕೂಡಲೇ ಗುಂಡಮ್ಮನ ಕಣ್ಣು ಪೋಸ್ಟರಿನ ಮೇಲೆ ಬಿತ್ತು. ಕುಣಿದಾಡಿಬಿಟ್ಟಳು.

"ಅಜ್ಜಿ ಟಾಟಾ ಮಾಡ್ತಿದಾಳೆ! ನೋಡು, ಅಜ್ಜಿ ಟಾಟಾ!" ಎಂದು ಪೋಸ್ಟರಿಗೆ ಎರಡೂ ಕೈ ಬೀಸಿದಳು. ಆಮೇಲೆ ದೊಡ್ಡಕ್ಕನ ಬಟ್ಟೆ ಜಗ್ಗಿ, "ನೀನೂ ಮಾಡಜ್ಜಿ" ಎಂದು ಹಟ ಹಿಡಿದಳು. ದೊಡ್ಡಕ್ಕ ಕೈ ಎತ್ತಿದಳು.

ಆ ಪೋಸ್ಟರಿಗೆ ಉಗಿಯಬೇಕೆಂದು ನನ್ನ ಬಾಯಿ ತುಂಬಿ ಬಂತು. ಹತ್ತಿರ ಹೋಗಿ ಆ ತಜ್ಞನ ಮುಖಕ್ಕಾಗಿ ಮೂಲೆ ಮೂಲೆ ಹುಡುಕಿದೆ. ಅವನು ಎಲ್ಲೂ ಇರಲಿಲ್ಲ, ಬರೀ ನಾವೇ ಇದ್ದೆವು. ನುಂಗಿಕೊಂಡೆ.